ಮೆಟ್ರೋ ಕಟ್ಟಿದ್ದು ಕೇಂದ್ರವೋ, ರಾಜ್ಯವೋ? ಎರಡೂ ಫಾರ್ವರ್ಡ್‌ಗಳು ಹೇಳದ ಲೆಕ್ಕ

ನಮ್ಮ ಮೆಟ್ರೋದ ಸುದ್ದಿ ಬಂದಾಗೆಲ್ಲ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ‘ಎಲ್ಲ ಕೇಂದ್ರದ ದುಡ್ಡು, ರಾಜ್ಯದ್ದು ಏನೂ ಇಲ್ಲ’ ಎನ್ನುತ್ತದೆ ಒಂದು. ‘ಎಲ್ಲ ರಾಜ್ಯವೇ ಕಟ್ಟಿದ್ದು, ಕೇಂದ್ರದ್ದು ಬರೀ ರಿಬ್ಬನ್ ಕತ್ತರಿಸುವ ಕೆಲಸ’ ಎನ್ನುತ್ತದೆ ಇನ್ನೊಂದು. ಟಿಕೆಟ್ ದರ ಏರಿದ ದಿನ ಮಾತ್ರ ಎರಡೂ ಕಡೆಯವರು ‘ನಾವಲ್ಲ, ಅವರು’ ಎನ್ನುತ್ತಾರೆ. ನಿಜ ಏನು ಎಂದು ನಾವು ಒಂದೊಂದಾಗಿ ನೋಡೋಣ.

ಮೆಟ್ರೋ ಯಾರದು?

ಮೆಟ್ರೋ ಕಟ್ಟಿ ನಡೆಸುವುದು ಬೆಂಗಳೂರು ಮೆಟ್ರೋ ರೈಲು ನಿಗಮ, ಅಂದರೆ ಬಿಎಂಆರ್‌ಸಿಎಲ್. ಇದರಲ್ಲಿ ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳಿಗೆ ತಲಾ ಶೇ. 50 ಪಾಲು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಕಾರ್ಯದರ್ಶಿ ನಿಗಮದ ಅಧ್ಯಕ್ಷರು. ದಿನನಿತ್ಯದ ಆಡಳಿತ ನೋಡುವ ವ್ಯವಸ್ಥಾಪಕ ನಿರ್ದೇಶಕರನ್ನು ನೇಮಿಸುವುದು ರಾಜ್ಯ.

ಹಾಗಾದರೆ ಖರ್ಚೂ ಅರ್ಧ ಅರ್ಧವೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 50:50 ಎನ್ನುವುದು ಕಂಪನಿಯ ಮಾಲೀಕತ್ವದ ಲೆಕ್ಕ, ಒಟ್ಟು ಖರ್ಚಿನದ್ದಲ್ಲ.

2017ರ ಮೆಟ್ರೋ ರೈಲು ನೀತಿಯ ಪ್ರಕಾರ, ಈ ಮಾದರಿಯ ಯೋಜನೆಗೆ ಕೇಂದ್ರ ಕೊಡುವ ನೆರವಿನ ಮಿತಿ ಶೇ. 20. ಭೂಮಿಯ ಬೆಲೆ, ರಾಜ್ಯದ ತೆರಿಗೆಗಳನ್ನು ಬಿಟ್ಟು ಉಳಿದ ವೆಚ್ಚಕ್ಕೆ ಈ ಲೆಕ್ಕ. ಬಂಡವಾಳದಲ್ಲಿ ರಾಜ್ಯವೂ ಸಮಪಾಲು ಹಾಕಬೇಕು, ಜೊತೆಗೆ ಭೂಮಿಯ ಖರ್ಚನ್ನೂ ಹೊರಬೇಕು. ಉಳಿದ ದೊಡ್ಡ ಪಾಲು ಸಾಲ. ಜಪಾನಿನ ಜೈಕಾ, ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಯುರೋಪಿಯನ್ ಹೂಡಿಕೆ ಬ್ಯಾಂಕ್‌ಗಳು ನಮ್ಮ ಮೆಟ್ರೋಗೆ ಸಾಲ ಕೊಟ್ಟಿವೆ.

ಒಂದು ಉದಾಹರಣೆ: 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮೆಟ್ರೋ 3ನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಉದ್ದ 44.65 ಕಿ.ಮೀ., ಅಂದಾಜು ವೆಚ್ಚ 15,611 ಕೋಟಿ ರೂಪಾಯಿ. ಇದನ್ನು ‘ಕೇಂದ್ರ 15,611 ಕೋಟಿ ಕೊಟ್ಟಿತು’ ಎಂದು ಓದಿದರೆ ತಪ್ಪು. ಅದು ಯೋಜನೆಗೆ ಸಿಕ್ಕ ಮಂಜೂರಾತಿ, ಅಷ್ಟೂ ಹಣದ ಚೆಕ್ ಅಲ್ಲ.

ಸಾಲ ತೀರಿಸುವವರು ಯಾರು?

ವಿದೇಶಿ ಸಾಲ ಕೇಂದ್ರ ಸರ್ಕಾರದ ಮೂಲಕ ಅಥವಾ ಅದರ ಖಾತರಿಯ ಮೇಲೆ ಬರುತ್ತದೆ. ಕೇಂದ್ರದ ಬೆಂಬಲ ಇಲ್ಲದೆ ಇಷ್ಟು ಅಗ್ಗದ ಬಡ್ಡಿಗೆ, ಇಷ್ಟು ದೀರ್ಘ ಅವಧಿಗೆ ಸಾಲ ಸಿಗುವುದು ಕಷ್ಟ. ಆದರೆ ಅದನ್ನು ತೀರಿಸಬೇಕಾದದ್ದು ನಿಗಮ. ಟಿಕೆಟ್, ಜಾಹೀರಾತು, ಬಾಡಿಗೆಯ ಆದಾಯದಿಂದ. ಆದಾಯ ಸಾಲದಿದ್ದರೆ ಕೊರತೆ ತುಂಬುವುದು ರಾಜ್ಯದ ಹೊಣೆ. ಸರಳವಾಗಿ ಹೇಳಿದರೆ, ಜಾಮೀನು ಒಬ್ಬರದು, ಕಂತು ಇನ್ನೊಬ್ಬರದು.

ಟಿಕೆಟ್ ದರ ಏರಿಸಿದ್ದು ಯಾರು?

2025ರ ಫೆಬ್ರವರಿ 9ರಂದು ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. 2002ರ ಮೆಟ್ರೋ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯನ್ನು ರಚಿಸುವುದು ಕೇಂದ್ರ. ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅದರ ಅಧ್ಯಕ್ಷರು. ಕೇಂದ್ರ ಮತ್ತು ರಾಜ್ಯದಿಂದ ಒಬ್ಬೊಬ್ಬ ಸದಸ್ಯರು. ಸಮಿತಿಯ ಶಿಫಾರಸಿಗೆ ನಿಗಮ ಬದ್ಧವಾಗಿರಬೇಕು. ಆ ನಿಗಮದಲ್ಲೂ ಇಬ್ಬರದು ಸಮಪಾಲು. ಹೀಗಾಗಿ ‘ನಮಗೆ ಸಂಬಂಧವೇ ಇಲ್ಲ’ ಎಂದು ಇಬ್ಬರೂ ಹೇಳುವಂತಿಲ್ಲ.

ಇದು ತಿಳಿದು ನಮಗೇನು ಲಾಭ?

ತಪ್ಪು ಬಾಗಿಲು ತಟ್ಟುವುದು ತಪ್ಪುತ್ತದೆ.

• ಭೂಸ್ವಾಧೀನ ತಡವಾಗಿದೆಯೇ? ರಾಜ್ಯವನ್ನು ಕೇಳಿ.
• ನಿಲ್ದಾಣದಿಂದ ಮನೆಗೆ ಬಸ್ ಇಲ್ಲವೇ? ಬಿಎಂಟಿಸಿ ರಾಜ್ಯದ ಸಂಸ್ಥೆ.
• ಹೊಸ ಹಂತದ ಮಂಜೂರಾತಿ ಬಾಕಿಯೇ? ರಾಜ್ಯ ಪ್ರಸ್ತಾವ ಕಳಿಸಿದ ಮೇಲೆ ಅದು ಕೇಂದ್ರದ ಮೇಜಿನಲ್ಲಿರುತ್ತದೆ.
• ಹಳಿ ಸಿದ್ಧವಾದರೂ ರೈಲು ಓಡುತ್ತಿಲ್ಲವೇ? ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಅನುಮತಿ ಸಿಕ್ಕಿದೆಯೇ ನೋಡಿ. ಅವರು ಕೇಂದ್ರದ ವ್ಯಾಪ್ತಿಗೆ ಬರುತ್ತಾರೆ.

ಬೆಂಗಳೂರು ಉಪನಗರ ರೈಲಿನ ಲೆಕ್ಕ ಬೇರೆ. ಅದನ್ನು ಕಟ್ಟುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯದ್ದು ಶೇ. 51, ರೈಲ್ವೆಯದ್ದು ಶೇ. 49 ಪಾಲು. ಮೆಟ್ರೋ ಲೆಕ್ಕವನ್ನು ಅದಕ್ಕೆ ಅಂಟಿಸಬೇಡಿ.

ಫಾರ್ವರ್ಡ್ ಒತ್ತುವ ಮುನ್ನ

ಸಂದೇಶದಲ್ಲಿ ದೊಡ್ಡ ಮೊತ್ತ ಕಂಡರೆ ಮೂರು ಪ್ರಶ್ನೆ ಕೇಳಿ: ಇದು ಒಟ್ಟು ವೆಚ್ಚವೋ, ಒಬ್ಬರ ಪಾಲೋ? ಅನುದಾನವೋ, ಸಾಲವೋ? ಸಾಲವಾದರೆ ತೀರಿಸುವವರು ಯಾರು? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಕೇಂದ್ರಕ್ಕೋ ರಾಜ್ಯಕ್ಕೋ ಕಟ್ಟಿದ ತೆರಿಗೆ, ಕೊಂಡ ಟಿಕೆಟ್ ಎರಡೂ ನಮ್ಮ ಜೇಬಿನದ್ದೇ.