ಆಘಾತಕ್ಕೊಂದು ಹೆಸರು ದೊರೆತ ಬಗೆ

ಅತ್ಯಾಚಾರವನ್ನು ನಮ್ಮ ಹಳೆಯ ಪತ್ರಿಕೆಗಳು ‘ಮಾನಭಂಗ’ವೆಂದು ಬರೆಯುತ್ತಿದ್ದವು. ಎಸಗಿದವನು ಒಬ್ಬ, ಮಾನ ಹೋದದ್ದು ಮಾತ್ರ ಇನ್ನೊಬ್ಬಳದು ಎಂಬ ತೀರ್ಪು ಆ ಪದದೊಳಗೇ ಅಡಗಿದೆ. ಈ ದೋಷ ನಮ್ಮ ಭಾಷೆಯೊಂದರದೇ ಅಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಅದರಿಂದ ಹೊರತಾಗಿರಲಿಲ್ಲ. ಇಂತಹ ದೌರ್ಜನ್ಯಕ್ಕೆ ಒಳಗಾದವರ ಮನಸ್ಸಿಗೂ ಚಿಕಿತ್ಸೆ ಬೇಕು, ಅದು ಸಾಧ್ಯವೂ ಹೌದು ಎಂಬ ತಿಳಿವಳಿಕೆಗೆ ಅರ್ಧ ಶತಮಾನವಷ್ಟೇ ವಯಸ್ಸು. ಅದು ಬಂದ ದಾರಿಯನ್ನು ನಾವಿಲ್ಲಿ ಗುರುತಿಸಬಯಸುತ್ತೇವೆ.

1896ರಲ್ಲಿ ಸಿಗ್ಮಂಡ್ ಫ್ರಾಯ್ಡ್ ವಿಯೆನ್ನಾದ ವೈದ್ಯರ ಮುಂದೆ ತನ್ನ 18 ರೋಗಿಗಳ ವೃತ್ತಾಂತವನ್ನಿಟ್ಟು, ಹಿಸ್ಟೀರಿಯಾದ ಮೂಲ ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ವಾದಿಸಿದ. ಸಭೆ ಅದನ್ನು ತಣ್ಣಗೆ ಸ್ವೀಕರಿಸಿತು. ಮರುವರ್ಷವೇ ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ, ಆ ಸಿದ್ಧಾಂತದಲ್ಲಿ ತನಗೇ ನಂಬಿಕೆ ಉಳಿದಿಲ್ಲವೆಂದ. ಮುಂದೆ ಮನೋವಿಶ್ಲೇಷಣೆಯಲ್ಲಿ ಇಂಥ ನೆನಪುಗಳನ್ನು ಕಲ್ಪನೆಯೆಂದು ಕಾಣುವ ರೂಢಿ ಬಲವಾಯಿತು. ಹೇಳಿದವಳನ್ನು ನಂಬುವ ಬಾಗಿಲು ತೆರೆದಂತೆಯೇ ಮುಚ್ಚಿಕೊಂಡಿತು.

ಅದು ಮತ್ತೆ ತೆರೆದದ್ದು 1970ರ ದಶಕದಲ್ಲಿ, ಅಮೆರಿಕದ ಮಹಿಳಾ ಚಳವಳಿಯ ಕಾವಿನಲ್ಲಿ. 1972ರ ಜುಲೈಯಿಂದ ಒಂದು ವರ್ಷ, ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಅತ್ಯಾಚಾರದ ದೂರು ಹೊತ್ತು ಯಾರೇ ಬರಲಿ, ಹಗಲಿರಲಿ ಇರುಳಿರಲಿ, ಇಬ್ಬರು ಮಹಿಳೆಯರಿಗೆ ಫೋನ್ ಹೋಗುತ್ತಿತ್ತು. ಒಬ್ಬರು ಮನೋರೋಗ ಶುಶ್ರೂಷೆಯ ಆ್ಯನ್ ಬರ್ಜೆಸ್, ಇನ್ನೊಬ್ಬರು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್. ಅವರು ಧಾವಿಸಿ ಬಂದು ಪಕ್ಕದಲ್ಲಿ ಕುಳಿತು ಆಲಿಸಿದರು. ಮುಂದೆಯೂ ವಿಚಾರಿಸುತ್ತ ಬಂದರು. ಹೀಗೆ ಕಂಡ 146 ಮಂದಿಯಲ್ಲಿ 92 ವಯಸ್ಕ ಮಹಿಳೆಯರ ಅನುಭವವನ್ನು ವಿಶ್ಲೇಷಿಸಿ, 1974ರಲ್ಲಿ ‘ಅತ್ಯಾಚಾರದ ಆಘಾತ ಲಕ್ಷಣಕೂಟ’ವನ್ನು ವಿವರಿಸಿದರು. ದುಃಸ್ವಪ್ನ, ಒಂಟಿತನದ ಭಯ, ಮನೆ ಬದಲಿಸುವ ತವಕ ಎಲ್ಲವೂ ಪ್ರಾಣಭಯಕ್ಕೆ ಸಹಜ ಪ್ರತಿಕ್ರಿಯೆಗಳೆಂದು ಸ್ಪಷ್ಟವಾಯಿತು. ಅಳುತ್ತ ಬಂದವರಷ್ಟೇ ಸಂಖ್ಯೆಯಲ್ಲಿ ಶಾಂತವಾಗಿ ಕುಳಿತವರೂ ಇದ್ದರೆಂಬುದು ಅವರ ಇನ್ನೊಂದು ಮಹತ್ವದ ಶೋಧ. ಅಳಲಿಲ್ಲ, ಆದ್ದರಿಂದ ಸುಳ್ಳು ಎನ್ನುವ ಪೊಲೀಸ್ ಠಾಣೆಯ ತರ್ಕಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಮುಖ್ಯವಾಗಿ ವಿಯೆಟ್ನಾಂ ಯೋಧರ ಒತ್ತಾಯದಿಂದ, ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಮಾನ್ಯ ಮಾಡಿತು. ರಣರಂಗದ ಸೈನಿಕನ ನೋವು, ಮನೆಯೊಳಗಿನ ಹೆಣ್ಣಿನ ನೋವು ಒಂದೇ ಜಾತಿಯವು ಎಂಬುದನ್ನು ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದರು. ಚೇತರಿಕೆಗೆ ಅವರು ಹೇಳಿದ ಹಂತಗಳು ಮೂರು: ಸುರಕ್ಷತೆ, ನೆನೆದು ದುಃಖಿಸುವುದು, ಬದುಕಿನೊಡನೆ ಮರಳಿ ಬೆರೆಯುವುದು.

ಅದೇ ಹೊತ್ತಿಗೆ ಚಿಕಿತ್ಸೆಯ ಕ್ರಮಗಳೂ ರೂಪುಗೊಂಡವು. ಎಡ್ನಾ ಫೋವಾ ಅವರ ಕ್ರಮದಲ್ಲಿ, ಭಯದಿಂದ ದೂರವಿಟ್ಟ ನೆನಪನ್ನು ಸುರಕ್ಷಿತ ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಅದರ ವಿಷವನ್ನು ಇಳಿಸಲಾಗುತ್ತದೆ. ಪೆಟ್ರೀಷಿಯಾ ರೆಸಿಕ್ ಅವರ ಕ್ರಮ ಸುಮಾರು 12 ಭೇಟಿಗಳದು. ‘ನಾನು ಆ ದಾರಿಯಲ್ಲಿ ಹೋಗಬಾರದಿತ್ತು’, ‘ತಪ್ಪು ನನ್ನದೇ’ ಎಂಬಂತಹ ಮನಸ್ಸಿಗೆ ಸಿಕ್ಕಿಕೊಂಡ ಮುಳ್ಳುಗಳನ್ನು ಅಲ್ಲಿ ಒಂದೊಂದಾಗಿ ಹೊರತೆಗೆದು, ನಿಜವೇ ಎಂದು ಪರೀಕ್ಷಿಸಲಾಗುತ್ತದೆ. ‘ಮಾನಭಂಗ’ ಎಂಬ ಪದ ಹೂಳಿಟ್ಟ ಮುಳ್ಳೂ ಇದೇ ಅಲ್ಲವೇ?

ಇದು ಶ್ರೀಮಂತ ನಗರಗಳ ವೈಭೋಗವೆಂದು ತಿಳಿಯಬೇಕಿಲ್ಲ. ಯುದ್ಧಪೀಡಿತ ಪೂರ್ವ ಕಾಂಗೋದಲ್ಲಿ, ಓದುಬರಹ ಬಾರದವರೂ ಕಲಿಯುವಂತೆ ಇದೇ ಕ್ರಮವನ್ನು ಸರಳಗೊಳಿಸಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರೇ ಗುಂಪುಗಳಲ್ಲಿ ನಡೆಸಿದರು. 405 ಮಹಿಳೆಯರ ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರವೂ ಖಿನ್ನತೆ ಅಥವಾ ಆತಂಕ ಉಳಿದದ್ದು ಚಿಕಿತ್ಸೆ ಪಡೆದವರಲ್ಲಿ ಶೇ. 9ರಷ್ಟು ಮಂದಿಗೆ, ಕೇವಲ ವೈಯಕ್ತಿಕ ಬೆಂಬಲ ದೊರೆತವರಲ್ಲಿ ಶೇ. 42.

ಮುಂಬಯಿಯ ಕನ್ನಡಿಗರಿಗೆ ಬಾಂದ್ರಾದ ಭಾಭಾ ಆಸ್ಪತ್ರೆ ಅಪರಿಚಿತವಲ್ಲ. ‘ದಿಲಾಸಾ’ ಎಂಬ ಕೇಂದ್ರ ಅಲ್ಲಿ 2000ದಲ್ಲಿ, ಮಹಾನಗರಪಾಲಿಕೆ ಮತ್ತು ಸೇಹತ್ ಸಂಸ್ಥೆಯ ಜಂಟಿ ಯತ್ನವಾಗಿ, ಮೊದಲಿಗೆ ಮನೆಯೊಳಗಿನ ಹಿಂಸೆಗೆ ಗುರಿಯಾದವರಿಗಾಗಿ ಆರಂಭವಾಯಿತು. ಆಪ್ತಸಮಾಲೋಚನೆ ಆಸ್ಪತ್ರೆಯ ಕೆಲಸವೇ ಎಂದು ಅದು ತೋರಿಸಿತು. 2013ರ ಕಾನೂನು ತಿದ್ದುಪಡಿ ಸರಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳಿಗೂ ಉಚಿತ ಚಿಕಿತ್ಸೆಯನ್ನು ಕಡ್ಡಾಯಗೊಳಿಸಿತು. 2014ರ ಕೇಂದ್ರ ಮಾರ್ಗಸೂಚಿ ಮಾನಸಿಕ ಆರೈಕೆಯನ್ನೂ ಆ ಹೊಣೆಗೆ ಸೇರಿಸಿತು.

ಪರಭಾಷೆಯ ಊರಿನಲ್ಲಿ ಇಂತಹ ನೋವನ್ನು ಬಾಯಿಬಿಟ್ಟು ಹೇಳುವುದು ಇಮ್ಮಡಿ ಕಷ್ಟ. ನಮ್ಮ ಸಂಘಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ವಕೀಲರಿದ್ದಾರೆ. ನೊಂದವಳು ತನ್ನ ನುಡಿಯಲ್ಲೇ ಮಾತನಾಡಲು ಆಸ್ಪತ್ರೆಯವರೆಗೆ ಜೊತೆ ಹೋಗುವ ಒಬ್ಬರನ್ನು ಪ್ರತಿ ಸಂಘವೂ ಸಿದ್ಧವಾಗಿಡಬಹುದು. ಬಾಸ್ಟನ್ನಿನ ಆ ಇಬ್ಬರೂ ಮೊದಲು ಮಾಡಿದ್ದು ಅಷ್ಟನ್ನೇ: ಕರೆದಾಗ ಹೋದರು, ಕೇಳಿಸಿಕೊಂಡರು, ನಂಬಿದರು.