ಹಳ್ಳಿಗಳ ಐದು ವರ್ಷದ ದಾಖಲೆ: ಕ್ಷಯ ಚಿಕಿತ್ಸೆಯ ಫಲವನ್ನು ಅಳೆಯುವ ಬಗೆ

ವೈದ್ಯಕೀಯ ತಂತ್ರಜ್ಞಾನವೊಂದರ ಫಲವನ್ನು ಅಳೆಯಲು ಅದನ್ನು ಬಳಸಿದವರ ಸ್ಥಿತಿಯಷ್ಟೇ ತಿಳಿದರೆ ಸಾಲದು. ಅದಿಲ್ಲದಿದ್ದರೆ ರೋಗ ಯಾವ ಹಾದಿ ಹಿಡಿಯುತ್ತಿತ್ತು ಎಂಬುದೂ ತಿಳಿದಿರಬೇಕು. ಒಂದೇ ಜನಸಮುದಾಯವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ ದಾಖಲಿಸುವ ದೀರ್ಘಕಾಲೀನ ಅವಲೋಕನ ಅಧ್ಯಯನ ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲುದು. ಕ್ಷಯದ ವಿಷಯದಲ್ಲಿ ಅಂಥ ಅಪೂರ್ವ ಉತ್ತರವೊಂದು ದೊರೆತದ್ದು, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಗಳಿಂದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಆಗ ಆ ಜಿಲ್ಲೆಗೇ ಸೇರಿದ್ದವು.

ಅರವತ್ತು ಸಾವಿರಕ್ಕೂ ಹೆಚ್ಚಿನ ಜನರಿದ್ದ ಆ ಹಳ್ಳಿಗಳನ್ನು ನಾಲ್ಕು ಬಾರಿ ಸುತ್ತಿದ ತಂಡಗಳು, ಸೋಂಕು ತಗುಲಿದೆಯೇ ಎಂದು ಚರ್ಮದ ಪ್ರತಿಕ್ರಿಯೆಯಿಂದ ತಿಳಿಯುವ ಟ್ಯೂಬರ್ಕ್ಯುಲಿನ್ ಪರೀಕ್ಷೆ ನಡೆಸಿ, ಐದು ವರ್ಷ ತುಂಬಿದವರ ಎದೆಯ ಎಕ್ಸ್-ರೇ ತೆಗೆದು, ಅದರಲ್ಲಿ ನೆರಳು ಕಂಡವರ ಕಫವನ್ನು ಪರೀಕ್ಷಿಸಿದವು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡ 126 ಜನರಲ್ಲಿ ಐದು ವರ್ಷಗಳ ಬಳಿಕ ಶೇ. 49.2 ಮಂದಿ ತೀರಿಕೊಂಡಿದ್ದರು, ಶೇ. 18.3 ಮಂದಿಯ ಕಫದಲ್ಲಿ ರೋಗಾಣು ಉಳಿದಿತ್ತು, ಶೇ. 32.5 ಮಂದಿಯಲ್ಲಿ ಅದು ಕಾಣದಾಗಿತ್ತು. ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇನ್ನೂ ಬೇರೂರದ ಪ್ರದೇಶದ ಅಂಕಿಗಳಿವು. ಹೀಗಿರುವಾಗ, ಮೂವರಲ್ಲಿ ಒಬ್ಬನನ್ನು ಗುಣಪಡಿಸಿದ ಔಷಧ ಕಾರ್ಯಕ್ರಮವು ಗುಣವಾದವರ ಲೆಕ್ಕದಲ್ಲಿ ಏನನ್ನೂ ಸಾಧಿಸಿದಂತಾಗುವುದಿಲ್ಲ. ಅರೆಬರೆ ಚಿಕಿತ್ಸೆ ಸಾವನ್ನು ತಡೆದು ರೋಗಾಣುವನ್ನು ಉಳಿಸಿದರಂತೂ, ಸೋಂಕು ಹರಡುವವರ ಸಂಖ್ಯೆಯೇ ಏರುತ್ತದೆ. ಸಾವಿನ ಲೆಕ್ಕವೊಂದನ್ನೇ ನೋಡುವ ಮೌಲ್ಯಮಾಪನಕ್ಕೆ ಈ ಅಪಾಯ ಕಾಣುವುದೇ ಇಲ್ಲ.

ಆದರೂ ಈ ಅಳತೆಗೋಲನ್ನು ಎಚ್ಚರದಿಂದ ಹಿಡಿಯಬೇಕು. ಸಮೀಕ್ಷೆಯ ದಿನ ಸಿಕ್ಕವರು ರೋಗದ ಬೇರೆ ಬೇರೆ ಹಂತಗಳಲ್ಲಿದ್ದವರು. ಬೇಗ ಸತ್ತವರು ಸಮೀಕ್ಷೆಗೆ ಸಿಗುವ ಸಂಭವ ಕಡಿಮೆ, ವರ್ಷಗಟ್ಟಲೆ ಕೆಮ್ಮುತ್ತ ಬದುಕಿದವರು ಸಿಗುವ ಸಂಭವ ಹೆಚ್ಚು. ಆದ್ದರಿಂದ ಈ ಪ್ರಮಾಣಗಳನ್ನು ರೋಗ ಆರಂಭವಾದ ದಿನದಿಂದ ಎಣಿಸಿದವೆಂದು ಓದುವುದು ತಪ್ಪು.

2012ರಲ್ಲಿ ಆರಂಭವಾದ, ದೇಶದ ಕ್ಷಯರೋಗಿಗಳನ್ನು ನೋಂದಾಯಿಸುವ ನಿಕ್ಷಯ್ ಗಣಕ ದಾಖಲೆಯಲ್ಲಿ ಇಂದು ಅಂದಿಗಿಂತ ಎಷ್ಟೋ ಪಾಲು ಹೆಚ್ಚು ರೋಗಿಗಳಿದ್ದಾರೆ. ರೋಗಾಣುವಿನ ವಂಶಧಾತುವನ್ನೂ ರಿಫಾಂಪಿಸಿನ್ ಔಷಧಕ್ಕೆ ಅದು ಒಡ್ಡುವ ಪ್ರತಿರೋಧವನ್ನೂ ಸುಮಾರು ಎರಡು ಗಂಟೆಯಲ್ಲಿ ಗುರುತಿಸುವ ಸಿಬಿನ್ಯಾಟ್ ಯಂತ್ರದ ಫಲವನ್ನು ಈ ದಾಖಲೆಯಿಂದಲೇ ಅಳೆಯುವ ಆಸೆ ಸಹಜ. ಆದರೆ ಅದರಲ್ಲಿರುವ ರೋಗಿಗಳು ರೋಗ ಪತ್ತೆಯಾಗಿ ವ್ಯವಸ್ಥೆಯ ಲೆಕ್ಕಕ್ಕೆ ಬಂದವರು. ಪತ್ತೆಯಾಗದೆ ಉಳಿದವರ ಲೆಕ್ಕ ಅಲ್ಲಿಲ್ಲ. ಯಂತ್ರ ಮೊದಲು ತಲುಪುವುದು ದೊಡ್ಡ ಆಸ್ಪತ್ರೆಗಾದರೆ, ಅಲ್ಲಿಗೆ ಬರುವ ರೋಗಿಗಳೂ ಬೇರೆ ಬಗೆಯವರು. ಎರಡು ಆಸ್ಪತ್ರೆಗಳ ಫಲಿತಾಂಶದ ಅಂತರವನ್ನೆಲ್ಲ ಯಂತ್ರದ ಲೆಕ್ಕಕ್ಕೆ ಬರೆಯಲಾಗದು. ರಾಮನಗರದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ಕುದಿವ ಗೂಡಿನ ಹಬೆ ಕುಡಿಯುತ್ತ ದುಡಿಯುವವರಿಗೆ ಕ್ಷಯವಿಲ್ಲದೆಯೂ ಉಬ್ಬಸ, ಕೆಮ್ಮು ಬರುವುದುಂಟು. ಆದ್ದರಿಂದ ಪರೀಕ್ಷೆಗೆ ಬಂದವರ ವೃತ್ತಿಯನ್ನೂ, ಕೆಮ್ಮು ಶುರುವಾದ ತಿಂಗಳನ್ನೂ, ಪರೀಕ್ಷೆಯಲ್ಲಿ ರೋಗಾಣು ಕಾಣದವರ ಮುಂದಿನ ಸ್ಥಿತಿಯನ್ನೂ ಬರೆದಿಟ್ಟಾಗ ಮಾತ್ರ ಹೊಸ ಯಂತ್ರ ಯಾರನ್ನು ಬೇಗ ಹಿಡಿಯಿತು, ಯಾರನ್ನು ಕೈಬಿಟ್ಟಿತು ಎಂದು ಹೇಳಲು ಸಾಧ್ಯ.