ಮೈಗಳ್ಳನೆಂಬ ಹಣೆಪಟ್ಟಿಯ ಇತಿಹಾಸ

ಬೆಳಗಾದರೆ ಹೊಟ್ಟೆನೋವು. ಯೂನಿಫಾರ್ಮ್ ಹಾಕಿಸುವ ಹೊತ್ತಿಗೆ ವಾಂತಿ. ಶಾಲಾ ವಾಹನದ ಹಾರ್ನ್ ಕೇಳಿದೊಡನೆ ಅಳು. ಹತ್ತು ಗಂಟೆ ದಾಟಿದರೆ ಎಲ್ಲವೂ ಮಾಯ. ಭಾನುವಾರವಂತೂ ಈ ಕಾಯಿಲೆಗೆ ಪೂರ್ತಿ ರಜೆ. ಇಂತಹ ಮಗುವಿನ ಬಗ್ಗೆ ತೀರ್ಪು ಕೊಡುವುದು ಬಹಳ ಸುಲಭ. ಮನೆಯವರು ನಾಟಕವೆನ್ನುತ್ತಾರೆ, ನೆರೆಹೊರೆಯವರು ಮುದ್ದು ಹೆಚ್ಚಾಯಿತೆನ್ನುತ್ತಾರೆ, ಶಾಲೆಯಲ್ಲಿ ಮೈಗಳ್ಳನೆಂಬ ಹಣೆಪಟ್ಟಿ ಅಂಟುತ್ತದೆ. ಆದರೆ ಆ ಹೊಟ್ಟೆನೋವು ಸುಳ್ಳಲ್ಲ. ಆತಂಕ ಮಿತಿಮೀರಿದಾಗ ಅದು ಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ಹೆದರಿದ ಗಳಿಗೆ ಕಳೆದರೆ ನೋವೂ ಇಳಿಯುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ಒಪ್ಪಿಕೊಳ್ಳಲು ಜಗತ್ತಿಗೆ ಬಹಳ ಕಾಲ ಬೇಕಾಯಿತು. ಆ ಕಾಲದುದ್ದಕ್ಕೂ ಪೆಟ್ಟು ತಿಂದವರು ಮಕ್ಕಳು.

ಶಾಲೆಗೆ ಹೋಗದಿರುವುದು ತಪ್ಪಾದದ್ದು ಶಾಲೆ ಕಡ್ಡಾಯವಾದ ಮೇಲೆ. ಇಂಗ್ಲೆಂಡಿನಲ್ಲಿ 1870ರ ಕಾಯ್ದೆ ಶಾಲೆಗಳು ಸಾಲದ ಕಡೆ ಶಾಲಾ ಮಂಡಳಿಗಳನ್ನು ತಂದಿತು. 1880ರ ಕಾಯ್ದೆ 5ರಿಂದ 10 ವರ್ಷದ ಮಕ್ಕಳ ಹಾಜರಾತಿಯನ್ನು ಎಲ್ಲೆಡೆ ಕಡ್ಡಾಯಗೊಳಿಸಿತು. ಹಾಜರಾತಿ ಅಧಿಕಾರಿಗಳು ಮನೆಮನೆಯ ಬಾಗಿಲು ತಟ್ಟಿದರು. ಮಕ್ಕಳನ್ನು ಕಳುಹಿಸದ ಹೆತ್ತವರು ದಂಡ ತೆತ್ತರು. ಈ ಕಾನೂನು ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಗಿರಣಿಗಳಿಂದ, ಹೊಲಗಳಿಂದ ಮಕ್ಕಳನ್ನು ಬಿಡಿಸಿ ತರಲು ಅದು ಅಗತ್ಯವಾಗಿತ್ತು. ಆದರೆ ಕಾಯಿಲೆಯ ಮಗುವನ್ನು ಬಿಟ್ಟರೆ ಆ ವ್ಯವಸ್ಥೆಯ ಕಣ್ಣಿಗೆ ಬೀಳುತ್ತಿದ್ದವರು ಇಬ್ಬರೇ: ಹೆತ್ತವರೇ ಕಳುಹಿಸದ ಮಗು ಮತ್ತು ಹೆತ್ತವರ ಕಣ್ಣು ತಪ್ಪಿಸಿ ಬೀದಿ ಅಲೆಯುವ ಮಗು. ಹೋಗಬೇಕೆಂದಿದ್ದರೂ ಹೋಗಲಾರದೆ ಮನೆಯೊಳಗೆ ನಡುಗುತ್ತಿದ್ದ ಮೂರನೆಯ ಮಗುವಿಗೆ ಹೆಸರೇ ಇರಲಿಲ್ಲ.

1932ರಲ್ಲಿ ಅಮೆರಿಕದ ಐಸ್ರಾ ಬ್ರಾಡ್ವಿನ್ ಈ ಮೂರನೆಯ ಮಗುವಿನ ಬಗ್ಗೆ ಬರೆದರು. ತಿಂಗಳುಗಟ್ಟಲೆ ಶಾಲೆಗೆ ಹೋಗದ ಈ ಮಗು ಎಲ್ಲೂ ಓಡಿಹೋಗುವುದಿಲ್ಲ, ಮನೆಯಲ್ಲಿ ತಾಯಿಯ ಹತ್ತಿರವೇ ಇರುತ್ತದೆ, ಅದು ಎಲ್ಲಿದೆಯೆಂದು ಹೆತ್ತವರಿಗೆ ಸದಾ ಗೊತ್ತಿರುತ್ತದೆ ಎಂಬುದನ್ನು ಅವರು ಗುರುತಿಸಿದರು. 1941ರಲ್ಲಿ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು ಇದಕ್ಕೆ 'ಸ್ಕೂಲ್ ಫೋಬಿಯಾ' ಎಂಬ ಹೆಸರು ಕೊಟ್ಟರು. ಮಗುವಿಗೊಂದು ಹೆಸರು ಸಿಕ್ಕಿತು ನಿಜ, ಆದರೆ ಅದರ ಜೊತೆಗೆ ಆರೋಪ ತಾಯಿಯ ತಲೆಗೆ ಬಂತು. ತಾಯಿ-ಮಗುವಿನ ಅತಿಯಾದ ಅಂಟೇ ಇದರ ಮೂಲವೆಂಬ ಮಾತು ಬಹುಕಾಲ ನಡೆಯಿತು. ಬ್ರಿಟನ್ನಿನ ಜಾನ್ ಬೌಲ್ಬಿ 1973ರ ತಮ್ಮ ಗ್ರಂಥದಲ್ಲಿ ಬೇರೊಂದು ಬದಿ ತೋರಿಸಿದರು. ಎಷ್ಟೋ ಮಕ್ಕಳು ಹೆದರುವುದು ಶಾಲೆಗಲ್ಲ, ತಾವಿಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಏನಾದರೂ ಆಗಿಬಿಟ್ಟರೆ ಎಂಬುದಕ್ಕೆ. ಮನೆ ಬಿಟ್ಟು ಹೋಗುತ್ತೇನೆ, ಸಾಯುತ್ತೇನೆ ಎಂದು ದೊಡ್ಡವರು ಸಿಟ್ಟಿನಲ್ಲಿ ಆಡಿದ ಮಾತನ್ನು ಮಗು ನಿಜವೆಂದೇ ನಂಬಿರುತ್ತದೆ.

ಈ ನಡುವೆ 1960ರಲ್ಲಿ ಲಂಡನ್ನಿನ ಲಯೋನೆಲ್ ಹರ್ಸೋವ್ ಒಂದು ಸರಳ ಹೋಲಿಕೆ ಮಾಡಿದರು. ಶಾಲೆಗೆ ಹೋಗಲು ನಿರಾಕರಿಸುವ 50 ಮಕ್ಕಳು, ಶಾಲೆ ತಪ್ಪಿಸಿ ಅಲೆಯುವ 50 ಮಕ್ಕಳು, ಈ ತೊಂದರೆ ಯಾವುದೂ ಇಲ್ಲದ 50 ಮಕ್ಕಳು. ಮೊದಲನೆಯ ಗುಂಪಿನವರು ಸಾಮಾನ್ಯವಾಗಿ ಓದಿನಲ್ಲಿ ಹಿಂದುಳಿದವರಲ್ಲ, ತುಂಟರೂ ಅಲ್ಲ. ಶಾಲೆಯಲ್ಲಿ ಅವರ ಕಲಿಕೆ, ನಡತೆ ಎರಡೂ ಚೆನ್ನಾಗಿತ್ತು. ಮೈಗಳ್ಳತನದ ಆರೋಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಈ ಅರಿವು ವೈದ್ಯರ ಕೋಣೆಯಿಂದ ಒಂದು ಇಡೀ ದೇಶದ ನೀತಿಗೆ ಇಳಿದದ್ದನ್ನು ನೋಡಬೇಕಾದರೆ ನಾವು ಜಪಾನಿಗೆ ಹೋಗಬೇಕು. ಅಲ್ಲಿನ ಸರಕಾರ 1966ರಿಂದ ಇಂತಹ ಮಕ್ಕಳನ್ನು ಎಣಿಸತೊಡಗಿತು. ವರ್ಷಕ್ಕೆ 50 ದಿನ ಗೈರಾದವರನ್ನು ಹಾಕುತ್ತಿದ್ದ ಕಾಲಮ್ಮಿನ ಹೆಸರು 'ಶಾಲೆಯ ಮೇಲಿನ ಅಸಹ್ಯ'. ದೋಷ ಮಗುವಿನದೆಂದು ಹೆಸರೇ ಹೇಳುತ್ತಿತ್ತು. ದೋಷವಿದ್ದ ಮೇಲೆ ತಿದ್ದುವವರು ಬೇಕಲ್ಲ? ತೊತ್ಸುಕಾ ಹಾಯಿದೋಣಿ ಶಾಲೆಯಲ್ಲಿ ಕಠಿಣ ಶಿಸ್ತಿನಿಂದ ಇಂತಹವರನ್ನು ಸರಿಪಡಿಸುತ್ತೇವೆಂದು ಹೊರಟಾಗ ಮಕ್ಕಳು ಪ್ರಾಣ ಕಳೆದುಕೊಂಡರು. ಅದರ ಮುಖ್ಯಸ್ಥ 1983ರಲ್ಲಿ ಬಂಧಿತನಾದ. ಅಲ್ಲಿಗೆ ಮಕ್ಕಳನ್ನು ಕಳುಹಿಸಿದವರು ಹೆತ್ತವರೇ ಎಂಬುದನ್ನು ನಾವು ಮರೆಯಬಾರದು.

1985ರಲ್ಲಿ ಒಕುಚಿ ಕೇಕೊ ಎಂಬ ಶಿಕ್ಷಕಿ ಶಾಲೆಗೆ ಹೋಗಲಾರದ ಮಕ್ಕಳಿಗಾಗಿ 'ಟೋಕಿಯೊ ಶೂರೆ' ಎಂಬ ತಾಣವನ್ನು ತೆರೆದರು. ಅವರ ಸ್ವಂತ ಮಗುವೇ ಶಾಲೆಗೆ ಹೋಗಲಾರದೆ ಕಷ್ಟಪಟ್ಟಿತ್ತು. ಹೆತ್ತವರು ಒಂದಾದರು, ಮಾತಾಡಿದರು. 1992ರಲ್ಲಿ ಶಿಕ್ಷಣ ಸಚಿವಾಲಯದ ವರದಿ, ಇದು ಯಾವ ಮಗುವಿಗೂ ಆಗಬಹುದಾದದ್ದೆಂದು ಒಪ್ಪಿಕೊಂಡಿತು. ಹೊರಗಿನ ಇಂತಹ ಕೇಂದ್ರಗಳಲ್ಲಿ ಕಳೆದ ದಿನಗಳನ್ನು ಮುಖ್ಯೋಪಾಧ್ಯಾಯರು ಹಾಜರಾತಿಯೆಂದು ಪರಿಗಣಿಸಲು ದಾರಿಯಾಯಿತು. 1998ರಲ್ಲಿ ಕಾಲಮ್ಮಿನ ಹೆಸರು ಬದಲಾಗಿ 'ಫುತೋಕೊ' ಎಂದಾಯಿತು. ಶಾಲೆಗೆ ಹೋಗದಿರುವುದು ಎಂದಷ್ಟೇ ಅದರ ಅರ್ಥ, ಆರೋಪವಿಲ್ಲ. 2016ರ ಕಾಯ್ದೆ ಇಂತಹ ಮಗುವಿಗೆ ವಿಶ್ರಾಂತಿಯೂ ಬೇಕೆಂದು ಒಪ್ಪಿತು.

ಹೆಸರು ಬದಲಾದ ಮಾತ್ರಕ್ಕೆ ಸಮಸ್ಯೆ ತೀರಿತೇ? ಇಲ್ಲ. 2023ರ ಶೈಕ್ಷಣಿಕ ವರ್ಷದಲ್ಲಿ ಜಪಾನಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಇಂತಹ ಮಕ್ಕಳ ಸಂಖ್ಯೆ 3,46,482. ಎಣಿಕೆಯ ಮಿತಿ 1991ರಿಂದ 30 ದಿನಕ್ಕೆ ಇಳಿದಿದೆಯಾದರೂ ಈ ಸಂಖ್ಯೆ ಸಣ್ಣದಲ್ಲ. ಆರೋಪ ತೆಗೆಯುವುದು ಚಿಕಿತ್ಸೆಯಲ್ಲ, ಚಿಕಿತ್ಸೆಗೆ ಬಾಗಿಲು ತೆರೆಯುವುದು ಮಾತ್ರ.

ನಮ್ಮಲ್ಲಿ? ಕೂಲಿಮಠದ ಕಾಲದಲ್ಲಿ ಬಾರದ ಹುಡುಗನನ್ನು ನಾಲ್ಕು ಮಂದಿ ದೊಡ್ಡ ಹುಡುಗರು ಕೈಕಾಲು ಹಿಡಿದು ಹೊತ್ತು ತರುತ್ತಿದ್ದ ಕಥೆಯನ್ನು ಹಿರಿಯರು ನಗುತ್ತಾ ಹೇಳುವುದುಂಟು. ಹಾಗೆ ಬಂದವರಲ್ಲಿ ಹೆದರಿದವರೆಷ್ಟು ಎಂದು ಯಾರೂ ಕೇಳಿರಲಿಕ್ಕಿಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ತನ್ನ 17ನೇ ಕಲಮಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋಗಬೇಕು ಎಂದು ಕಾನೂನು ಹೇಳಿತು. ಆದರೆ 'ಮೈಗಳ್ಳ' ಎಂಬ ಮಾತನ್ನು ನಮ್ಮ ನಾಲಗೆಯಿಂದ ತೆಗೆಯುವುದು ಕಾನೂನಿನಿಂದ ಆಗುವ ಕೆಲಸವೇ?

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಮೊದಲು ನೋವನ್ನು ವೈದ್ಯರಿಗೆ ತೋರಿಸಬೇಕು. ದೇಹದ ಕಾಯಿಲೆ ಇಲ್ಲವೆಂದಾದರೆ ಬೈಯುವ ಬದಲು ಹೆದರಿಕೆ ಎಲ್ಲಿದೆಯೆಂದು ಹುಡುಕಬೇಕು. ಬಸ್ಸಿನಲ್ಲೇ, ಶೌಚಾಲಯದಲ್ಲೇ, ಪೀಡಿಸುವ ಸಹಪಾಠಿಯಲ್ಲೇ, ಎಲ್ಲರೆದುರು ಎದ್ದು ಓದುವುದರಲ್ಲೇ? ಅಥವಾ ಮನೆಯ ಜಗಳದಲ್ಲೇ, ಅಮ್ಮನ ಅನಾರೋಗ್ಯದಲ್ಲೇ? ಕ್ರಿಸ್ಟೋಫರ್ ಕಿಯರ್ನಿ ಮತ್ತು ವೆಂಡಿ ಸಿಲ್ವರ್‌ಮನ್ 1990ರಲ್ಲಿ ತೋರಿಸಿದ್ದು ಇದನ್ನೇ. ಮಗು ಮನೆಯಲ್ಲಿ ಉಳಿಯುವುದರಿಂದ ಅದಕ್ಕೆ ಸಿಗುವುದೇನು ಎಂದು ತಿಳಿದರೆ ಮಾತ್ರ ಪರಿಹಾರ ಸಿಗುತ್ತದೆ.

ಎಳೆದೊಯ್ಯುವುದು ಎಷ್ಟು ತಪ್ಪೋ ಹಾಗೆಯೇ ಬಿಟ್ಟುಬಿಡುವುದೂ ಅಷ್ಟೇ ತಪ್ಪು. ಗೈರು ಉದ್ದವಾದಷ್ಟೂ ಮರಳುವುದು ಕಷ್ಟ. ಮೊದಲ ದಿನ ಶಾಲೆಯ ಗೇಟಿನವರೆಗೆ, ಮತ್ತೆ ಒಂದು ಪೀರಿಯಡ್, ಮುಂದೆ ಅರ್ಧ ದಿನ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕು. ಅಧ್ಯಾಪಕರ ಜೊತೆ ಮೊದಲೇ ಮಾತಾಡಿ, ತಡವಾಗಿ ಬಂದ ಮಗುವನ್ನು ತರಗತಿಯೆದುರು ಪ್ರಶ್ನಿಸದಂತೆ ಕೇಳಿಕೊಳ್ಳಬೇಕು. ಮನೆಯಲ್ಲಿದ್ದ ದಿನ ಶಿಕ್ಷೆ ಬೇಡ, ದಿನವಿಡೀ ಟಿವಿ-ಮೊಬೈಲೂ ಬೇಡ. ಇಷ್ಟಾದರೂ ಆಗದಿದ್ದರೆ ಮಕ್ಕಳ ಮನೋವೈದ್ಯರ ಬಳಿ ಹೋಗಲು ನಾಚಿಕೆ ಏಕೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಶಾಲೆ ತಪ್ಪಿಸುವವನಿಂದ ಹೆದರಿದ ಮಗುವನ್ನು ಬೇರ್ಪಡಿಸಿ ನೋಡಲು ಜಗತ್ತಿಗೆ ದಶಕಗಳೇ ಹಿಡಿದವು. ನಮ್ಮ ಮನೆಯ ಮಗುವಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ. ನಾಳೆ ಬೆಳಗ್ಗೆ ಅದು ಹೊಟ್ಟೆ ಹಿಡಿದುಕೊಂಡು ಕುಳಿತಾಗ, ಏನಾಗುತ್ತಿದೆಯೆಂದು ಅದರ ಪಕ್ಕದಲ್ಲಿ ಕುಳಿತು ಕೇಳೋಣ.